71 ಸೆಂ.ಮೀ. ಮೋನೋ ದೋಣಿಗೆ ಯಾವ ಶಾಫ್ಟ್: ಕೇಬಲ್ಲೋ, ತಂತಿಯೋ?

ಹೊಸದೋಣಿ:
ನಮಸ್ಕಾರ. 71 ಸೆಂ.ಮೀ. ಉದ್ದದ ಫೈಬರ್‌ಗ್ಲಾಸ್ ಮೋನೋ ಹಲ್ (ಒಂದೇ ಒಡಲಿನ ದೋಣಿ) ಒಂದನ್ನು ರಿಮೋಟ್ ಮಾದರಿ ದೋಣಿಗಳ ರೇಸಿಗೆ ಸಜ್ಜುಗೊಳಿಸುತ್ತಿದ್ದೇನೆ. ಮೋಟಾರು 36 ಮಿ.ಮೀ. ವ್ಯಾಸದ್ದು, 2000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು), ಶಾಫ್ಟ್ 5 ಮಿ.ಮೀ. ಬ್ಯಾಟರಿ 4ಎಸ್ (ನಾಲ್ಕು ಸೆಲ್ಲಿನ, 14.8 ವೋಲ್ಟಿನ) ಲೈಪೊ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ 120 ಆಂಪಿಯರಿನದು, ನೀರಿನಿಂದ ತಣಿಯುವಂಥದ್ದು. ಇಷ್ಟನ್ನೂ ಕೊಂಡಾಗಿದೆ. ಮೋಟಾರಿನಿಂದ ಪ್ರೊಪೆಲ್ಲರ್‌ವರೆಗಿನ ಭಾಗಗಳನ್ನು ಮಾತ್ರ ಇನ್ನೂ ನಿರ್ಧರಿಸಿಲ್ಲ. ಹಿಂದಿನ ದೋಣಿಯಲ್ಲಿ ಮೂರನೆಯ ಓಟಕ್ಕೇ ಕೇಬಲ್, ಅದನ್ನು ಮೋಟಾರಿಗೆ ಬಿಗಿಯುವ ಕೊಲೆಟ್ಟಿನ ಬಾಯಲ್ಲಿ ತುಂಡಾಗಿ, ಪ್ರೊಪೆಲ್ಲರ್ ಸಮೇತ ಕೆರೆಯ ಪಾಲಾಯಿತು. ಈ ಸಲ 3.8 ಮಿ.ಮೀ. ಕೇಬಲ್, 4.76 ಮಿ.ಮೀ. ಕೇಬಲ್ ಅಥವಾ 2 ಮಿ.ಮೀ. ಸ್ಟೀಲ್ ತಂತಿ, ಇವುಗಳಲ್ಲಿ ಯಾವುದನ್ನು ಹಾಕಲಿ?

ಹಿತ್ತಾಳೆಕೊಳವೆ:
ಶಾಫ್ಟಿಗಿಂತ ಮೊದಲು ಪ್ರೊಪೆಲ್ಲರನ್ನು ನಿರ್ಧರಿಸಿಕೊಳ್ಳಿ, ಏಕೆಂದರೆ ಶಾಫ್ಟಿನ ಮೇಲೆ ಬೀಳುವ ತಿರುಚುಬಲವನ್ನು ತೀರ್ಮಾನಿಸುವುದು ಅದೇ. 14.8 ವೋಲ್ಟಿಗೆ ನಿಮ್ಮ ಮೋಟಾರು ಭಾರವಿಲ್ಲದೆ ನಿಮಿಷಕ್ಕೆ 29,600 ಸುತ್ತು ತಿರುಗುತ್ತದೆ. ನೀರಿನಲ್ಲಿ 25,000 ಎಂದಿಟ್ಟುಕೊಳ್ಳೋಣ. ಆಕ್ಟುರಾ ಎಕ್ಸ್442 ಎಂಬ ಪ್ರೊಪೆಲ್ಲರ್ ಎಂದರೆ 42 ಮಿ.ಮೀ. ವ್ಯಾಸ, ಅದರ 1.4 ಪಟ್ಟು ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ), ಅಂದರೆ 58.8 ಮಿ.ಮೀ. ಜಾರುವಿಕೆಯನ್ನು ಬಿಟ್ಟರೆ ಗಂಟೆಗೆ 88 ಕಿ.ಮೀ. ಲೆಕ್ಕ ಬರುತ್ತದೆ, ನಿಜವಾದ ವೇಗ ಅದಕ್ಕಿಂತ ಕಡಿಮೆಯೇ ಇರುತ್ತದೆ. ಅದೇ ಆಕಾರದ ಪ್ರೊಪೆಲ್ಲರ್ ಅದೇ ಸುತ್ತಿನಲ್ಲಿ ಕೇಳುವ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುವುದರಿಂದ, 40ರಿಂದ 42ಕ್ಕೆ ಹೋದರೆ ಶಕ್ತಿಯ ಬೇಡಿಕೆ ಸುಮಾರು 28 ಶೇಕಡಾ ಹೆಚ್ಚುತ್ತದೆ. ಎರಡು ಮಿಲಿಮೀಟರ್ ತಾನೇ ಎಂದುಕೊಂಡು ಇಎಸ್‌ಸಿ ಸುಟ್ಟುಕೊಂಡವರನ್ನು ಕಂಡಿದ್ದೇನೆ. ನೀವು 40ರಿಂದ ಆರಂಭಿಸಿ, ಕೇಬಲ್ 4.76 ಮಿ.ಮೀ. ಇರಲಿ. ಘನ ಸರಳಿನ ಲೆಕ್ಕದಲ್ಲಿ ನೋಡಿದರೆ ಇದು 3.8ಕ್ಕಿಂತ ಹತ್ತಿರಹತ್ತಿರ ಎರಡರಷ್ಟು ತಿರುಚನ್ನು ತಾಳುತ್ತದೆ. ಕೇಬಲ್ ಘನ ಸರಳಲ್ಲ, ನಿಜ; ಆದರೂ ಅಂದಾಜಿಗೆ ಅಷ್ಟು ಸಾಕು.

ತಂತಿಪರ:
ಪ್ರೊಪೆಲ್ಲರಿನ ಮಾತನ್ನು ಒಪ್ಪುತ್ತೇನೆ, ಕೇಬಲ್ಲಿನ ಮಾತನ್ನು ಒಪ್ಪಲಾರೆ. ದಪ್ಪ ಕೇಬಲ್ ತಾನು ಹಾದುಹೋಗುವ ಕೊಳವೆಯ ಉದ್ದಕ್ಕೂ ಉಜ್ಜುತ್ತಾ, ಗ್ರೀಸನ್ನು ಕಲಸುತ್ತಾ ಶಕ್ತಿಯನ್ನು ತಿನ್ನುತ್ತದೆ. 2 ಮಿ.ಮೀ. ಪಿಯಾನೋ ತಂತಿಯಲ್ಲಿ ಉಜ್ಜಾಟ ತೀರಾ ಕಡಿಮೆ, ಭಾರ ಬಿದ್ದಾಗ ಅದು ಕೇಬಲ್ಲಿನಂತೆ ಗಿಡ್ಡವಾಗುವುದಿಲ್ಲ, ಪ್ರತಿ ಓಟದ ನಂತರ ಬಿಚ್ಚಿ ಒರೆಸಬೇಕಾಗಿಲ್ಲ. ಇವರ ಮೋಟಾರು 1,100 ವಾಟ್‌ನಷ್ಟು ಕೊಟ್ಟರೂ 25,000 ಸುತ್ತಿನಲ್ಲಿ ತಿರುಚುಬಲ ಅರ್ಧ ನ್ಯೂಟನ್ ಮೀಟರನ್ನೂ ಮುಟ್ಟುವುದಿಲ್ಲ. ಒಳ್ಳೆಯ ತಂತಿ ಅದನ್ನು ಧಾರಾಳವಾಗಿ ಹೊರುತ್ತದೆ.

ಹಿತ್ತಾಳೆಕೊಳವೆ:
ತಿರುಚನ್ನು ಹೊರುತ್ತದೆ ಸರ್, ಬಾಗನ್ನು? ತಂತಿ ಬಾಗಿದ ಕೊಳವೆಯೊಳಗೆ ತಿರುಗುವಾಗ ಪ್ರತಿ ಸುತ್ತಿನಲ್ಲೂ ಅದರ ಒಂದೊಂದು ಬದಿ ಒಮ್ಮೆ ಎಳೆತಕ್ಕೂ ಒಮ್ಮೆ ಒತ್ತಡಕ್ಕೂ ಸಿಗುತ್ತದೆ. ಬಾಗಿನ ತ್ರಿಜ್ಯ 500 ಮಿ.ಮೀ. ಇದ್ದರೆ 2 ಮಿ.ಮೀ. ತಂತಿಯ ಮೇಲ್ಮೈಯಲ್ಲಿ ಸುಮಾರು 400 ಮೆಗಾಪಾಸ್ಕಲ್, 200 ಮಿ.ಮೀ. ಇದ್ದರೆ 1,000. ನಾಲ್ಕು ನಿಮಿಷದ ಒಂದು ಓಟದಲ್ಲಿ ಇದು ಲಕ್ಷ ಸಲ ನಡೆಯುತ್ತದೆ. ಎರಡನೆಯ ಸ್ಥಿತಿಯಲ್ಲಿ ತಂತಿ ಬಹಳ ದಿನ ಬಾಳುವುದಿಲ್ಲ.

ತಂತಿಪರ:
ಅದಕ್ಕಾಗಿಯೇ ಮೋಟಾರನ್ನು ಕೆಳಗಿಳಿಸಿ, ಅದರ ಹಿಂಬದಿಯನ್ನು ತುಸು ತಗ್ಗಿಸಿ ಕೂರಿಸಬೇಕೆಂದು ಹೇಳುತ್ತಾ ಬಂದಿದ್ದೇನೆ. ಕೊಳವೆಯನ್ನು ಎಸ್ ಆಕಾರದಲ್ಲಿ ಬಾಗಿಸಿದ ಹಲ್‌ಗೆ ತಂತಿ ಹೊಂದುವುದಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ.

ಕ್ಯಾಲಿಫೋರ್ನಿಯಾ ಕನ್ನಡಿಗ:
ಇಲ್ಲಿನ ನಾಂಬಾ (ಮಾದರಿ ದೋಣಿಗಳ ಸಂಘ) ನಿಯಮಗಳ ಪ್ರಕಾರ 4ಎಸ್ ದೋಣಿಗಳು ಪಿ ವರ್ಗಕ್ಕೆ ಸೇರುತ್ತವೆ. ಅದರಲ್ಲಿ ಕೇಬಲ್ ಹಾಕಿದ ದೋಣಿಗಳನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಆದರೆ ಹೊಸದೋಣಿಯವರ ಹಳೆಯ ಕೇಬಲ್ ಏಕೆ ತುಂಡಾಯಿತೆಂದು ಯಾರೂ ಕೇಳಲಿಲ್ಲ. ಅಮೆರಿಕದ ಅಳತೆಗಳು ಇಂಚಿನವು: 0.150 ಇಂಚು ಎಂದರೆ 3.81 ಮಿ.ಮೀ., 3/16 ಇಂಚು ಎಂದರೆ 4.76. ಚೀನಾದಿಂದ ಬರುವ ಭಾಗಗಳು ಹೆಚ್ಚಾಗಿ 4 ಮಿ.ಮೀ. ಲೆಕ್ಕದವು. ನಿಮ್ಮ ಕೊಲೆಟ್ ಯಾವ ಅಳತೆಯದು?

ಹೊಸದೋಣಿ:
ಈಗಷ್ಟೇ ಕ್ಯಾಲಿಪರ್ ಹಿಡಿದು ನೋಡಿದೆ. ಕೊಲೆಟ್ 4.0, ಉಳಿದ ಕೇಬಲ್ ತುಂಡು 3.8. ಕೊಲೆಟ್ಟಿನೊಳಗಿದ್ದ ಭಾಗದ ಒಂದು ಬದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿದೆ, ಮುರಿದ ಕಡೆ ಎಳೆಗಳು ಕಪ್ಪಾಗಿ ಪೊರಕೆಯಂತೆ ಬಿಚ್ಚಿಕೊಂಡಿವೆ.

ಕ್ಯಾಲಿಫೋರ್ನಿಯಾ ಕನ್ನಡಿಗ:
ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ. 0.2 ಮಿ.ಮೀ. ಸಡಿಲವಿದ್ದಾಗ ನಟ್ ಎಷ್ಟು ಬಿಗಿದರೂ ಕೇಬಲ್ ನಡುಮಧ್ಯದಲ್ಲಿ ಕೂರದೆ ಒಂದು ಪಕ್ಕಕ್ಕೆ ಸರಿಯುತ್ತದೆ, ಆ ವೇಗದಲ್ಲಿ ಬಾಯಿಯ ಬಳಿಯೇ ಅದುರಿ ದಣಿಯುತ್ತದೆ. ಆದ್ದರಿಂದ ಕೊಲೆಟ್, ಕೇಬಲ್, ಒಳಗಿನ ಟೆಫ್ಲಾನ್ ಕೊಳವೆ, ದೋಣಿಯ ಹಿಂದೆ ಶಾಫ್ಟನ್ನು ಹಿಡಿದಿಡುವ ಸ್ಟ್ರಟ್‌ನ ಬುಷ್, ಪ್ರೊಪೆಲ್ಲರಿನ ತೂತು ಎಲ್ಲವನ್ನೂ ಒಂದೇ ಅಳತೆಪದ್ಧತಿಯಲ್ಲಿ ಕೊಳ್ಳಿ. 4.76 ಆರಿಸಿದರೆ 40 ಮಿ.ಮೀ. ವ್ಯಾಸದ ಎಕ್ಸ್440 ನೇರವಾಗಿ ಕೂರುತ್ತದೆ.

ಮತ್ತೊಂದು ಮಾತು. ಭಾರ ಬಿದ್ದಾಗ ಕೇಬಲ್ ಬಿಗಿದುಕೊಂಡು ಗಿಡ್ಡವಾಗುತ್ತದೆ. ಪ್ರೊಪೆಲ್ಲರನ್ನು ತಿರುಗಿಸುವ ಡ್ರೈವ್ ಡಾಗ್‌ಗೂ ಸ್ಟ್ರಟ್‌ಗೂ ನಡುವೆ ಸುಮಾರು 3 ಮಿ.ಮೀ. ಸಂದು ಬಿಡದಿದ್ದರೆ ಡಾಗ್ ಹೋಗಿ ಸ್ಟ್ರಟ್‌ಗೆ ಕಚ್ಚಿಕೊಂಡು ಉಜ್ಜುತ್ತದೆ. ನನ್ನ ಮೊದಲ ದೋಣಿಯಲ್ಲಿ ನಡುವಿನ ಟೆಫ್ಲಾನ್ ವಾಷರ್ ಹಪ್ಪಳದಂತೆ ತೆಳುವಾಗಿ ಹೊರಬಂದಿತ್ತು. ಮೋಟಾರು ಉಲ್ಟಾ ತಿರುಗಿದರೆ ಹೊರಪದರ ಬಿಚ್ಚಿಕೊಂಡು ಕೊಳವೆಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ದಿಕ್ಕನ್ನು ಕೇಬಲ್ ಹಾಕುವ ಮೊದಲೇ ನೋಡಿ, ತಪ್ಪಿದ್ದರೆ ಮೋಟಾರಿನ ಮೂರು ವಿದ್ಯುತ್ ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ತಂತಿಪರ:
ಈ ಹಲ್‌ನಲ್ಲಿ ಕೊಳವೆಯ ಬಾಗು ಎಷ್ಟಿದೆಯೆಂದು ಅಳೆದು ತಿಳಿಸಿ. 500 ಮಿ.ಮೀ.ಗಿಂತ ಹೆಚ್ಚು ತ್ರಿಜ್ಯ ಸಿಕ್ಕರೆ ನನ್ನ ಸಲಹೆ ತಂತಿಯೇ.

ಹೊಸದೋಣಿ:
ರಟ್ಟಿನ ಮೇಲೆ ಕೊಳವೆಯ ಗೆರೆ ಎಳೆದು ಅಳೆದೆ: ಹಿಂದಿನ ಬಾಗು ಹತ್ತಿರಹತ್ತಿರ 250 ಮಿ.ಮೀ. ಕೊಳವೆಯನ್ನು ಎಪಾಕ್ಸಿಯಲ್ಲಿ ಕೂರಿಸಿ ಆಗಿರುವುದರಿಂದ ಕೀಳಲಾರೆ. 4.76 ಕೇಬಲ್ ತೂರುತ್ತದೆಯೇ ಎಂದು ನಾಳೆ ಪರೀಕ್ಷಿಸಿ, ಅದೇ ಅಳತೆಯ ಕೊಲೆಟ್ ಮತ್ತು 40ರ ಪ್ರೊಪೆಲ್ಲರ್ ತರಿಸುತ್ತೇನೆ.