ಸಹಾಯ ಬೇಕು: ತುರ್ತು ಔಷಧ-ಸಲಕರಣೆಗಳ ಟ್ರೇ ನೀವು ಹೇಗೆ ಜೋಡಿಸಿಟ್ಟಿದ್ದೀರಿ?

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್.

ಹೋದ ವಾರ ಅಡಿಕೆ ತೋಟದಲ್ಲಿ ಹೆಜ್ಜೇನು ಕಚ್ಚಿದವರೊಬ್ಬರನ್ನು ಜೀಪಿನಲ್ಲಿ ಕರೆತಂದರು. ತುಟಿ ಊದಿತ್ತು, ಮೈಯೆಲ್ಲ ದದ್ದು, ಉಸಿರಿಗೆ ಸುಂಯ್ ಅನ್ನುವ ಸದ್ದು. ಮೇಲಿನ ಬಿಪಿ 70ಕ್ಕೆ ಇಳಿದಿತ್ತು. ಅಂಗಾತ ಮಲಗಿಸಿ, ಕಾಲು ಎತ್ತಿಟ್ಟು, ಆಕ್ಸಿಜನ್ ಹಾಕಿದೆವು. ಆದರೆ ಇಂಥ ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಹುಡುಕುವುದಕ್ಕೇ ಎರಡು ನಿಮಿಷ ಹೋಯಿತು. ಎವಿಲ್ (ಅಲರ್ಜಿ ಔಷಧ), ಡೆಕ್ಸಾ (ಸ್ಟೀರಾಯ್ಡ್) ಡಬ್ಬಿಗಳ ಹಿಂದೆ ಇತ್ತು! ಇಂಥ ಹೊತ್ತಿನಲ್ಲಿ ಮೊದಲು ಬೇಕಾದದ್ದೇ ಅದು, ಅಲ್ವಾ? ಡಾಕ್ಟರ್ ಹೇಳಿದಂತೆ 1:1000 ಸಾಂದ್ರತೆಯ ಅಡ್ರಿನಲಿನ್ ಅರ್ಧ ಎಂಎಲ್ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಟ್ಟೆ. 5 ನಿಮಿಷ ಬಿಟ್ಟು ಇನ್ನೊಂದು. ಜೊತೆಗೆ ಸಲೈನ್ ಜೋರಾಗಿ ಬಿಟ್ಟೆವು. ನಿಧಾನಕ್ಕೆ ಅವರು ಕಣ್ಣು ಬಿಟ್ಟು ನೀರು ಕೇಳಿದರು. 108ರಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆವು, ಈಗ ಮನೆಯಲ್ಲಿದ್ದಾರೆ.

ಆ ಎರಡು ನಿಮಿಷ ಮಾತ್ರ ನನಗೆ ಮರೆಯಲು ಆಗುತ್ತಿಲ್ಲ.

ನಿಮ್ಮ ಟ್ರೇಯ ಫೋಟೋ ಹಾಕುತ್ತೀರಾ? ಅಡ್ರಿನಲಿನ್, ಸಿರಿಂಜ್, ಏರ್‌ವೇ (ಉಸಿರಿನ ದಾರಿ ತೆರೆದಿಡುವ ಕೊಳವೆ), ಸಕ್ಷನ್ (ಬಾಯಿ-ಗಂಟಲಿನ ದ್ರವ ಹೀರುವ ಸಾಧನ) ಎಲ್ಲಿಟ್ಟಿದ್ದೀರಿ? ಎಕ್ಸ್‌ಪೈರಿ ದಿನಾಂಕ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ?

ಇನ್ನೊಂದು ವಿಷಯ. ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒಬ್ಬಳೇ ಹಿಡಿದರೆ ಮಾಸ್ಕ್ ಪಕ್ಕದಿಂದ ಗಾಳಿ ಸೋರುತ್ತದೆ. ಬ್ಯಾಗಿಗೇ ಇಬ್ಬರಿದ್ದರೆ ಸುಲಭ, ಆದರೆ ರಾತ್ರಿ ಪಾಳಿಯಲ್ಲಿ ನಾನು ಮತ್ತು ಆಯಾ ಇಬ್ಬರೇ, ಹೃದಯ ನಿಂತವರಿಗೆ ಒಬ್ಬರು ಎದೆಯನ್ನೂ ಒತ್ತಬೇಕಲ್ಲ. ಆಯಾ ಅಕ್ಕನಿಗೂ ಎದೆ ಒತ್ತುವುದನ್ನು, 30 ಒತ್ತಿಗೆ 2 ಉಸಿರು ಲೆಕ್ಕವನ್ನು ಕಲಿಸಬೇಕು. ಶಿವಮೊಗ್ಗದ ಕಡೆ ಯಾರ ಹತ್ತಿರವಾದರೂ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಅಭ್ಯಾಸದ ಗೊಂಬೆ ಇದ್ದರೆ ಒಂದು ಭಾನುವಾರ ಕೊಡಿ. ನಾನೇ ಬಂದು ಒಯ್ದು, ಜೋಪಾನವಾಗಿ ವಾಪಸ್ ತಂದುಕೊಡುತ್ತೇನೆ.