ಮನೆಯ ಗುಂಪಿನಲ್ಲಿ ಫಿಲ್ಟರ್ ರಂಪ

ನನ್ನ ತಮ್ಮ ತನ್ನ ಟೆಲಿಸ್ಕೋಪಿಗೆ ಹೊಸ ನ್ಯಾರೋಬ್ಯಾಂಡ್ ಫಿಲ್ಟರ್, ಅಂದರೆ ಒಂದೇ ಬಣ್ಣದ ಬೆಳಕನ್ನು ಒಳಗೆ ಬಿಡುವ ಗಾಜು, ಕೊಂಡಿದ್ದು ಚಿಕ್ಕಪ್ಪನಿಗೆ ಮೊದಲೇ ಹಿಡಿಸಿರಲಿಲ್ಲ. ನಿನ್ನೆ ರಾತ್ರಿ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು: "ಎಚ್ಚರ! ಫಾಸ್ಟ್ ಟೆಲಿಸ್ಕೋಪಿಗೆ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೆ ದುಡ್ಡು ನೀರುಪಾಲು!"

ಚಿಕ್ಕಪ್ಪ: ನಾನು ಆವತ್ತೇ ಬಡ್ಕೊಂಡೆ.

ಭಾವ: ಯಾರು ಬರೆದಿದ್ದು? ಲಿಂಕ್ ಇದೆಯಾ?

ಚಿಕ್ಕಪ್ಪ: ವಾಕಿಂಗ್ ಗುಂಪಲ್ಲಿ ಬಂತು. ಅಲ್ಲಿರೋರೆಲ್ಲ ಓದಿದೋರೇ.

ದೊಡ್ಡಪ್ಪ: ದೇವರು ಕೊಟ್ಟ ಕಣ್ಣು ಸಾಲದೇನಪ್ಪಾ? ನಾವು ಮಹಡಿ ಮೇಲೆ ಮಲಗಿಯೇ ನಕ್ಷತ್ರ ಎಣಿಸ್ತಿದ್ವಿ.

ತಮ್ಮ: ಈಗ ಚಿಕ್ಕಬಳ್ಳಾಪುರದ ಮಹಡಿಯಿಂದ ದಕ್ಷಿಣಕ್ಕೆ ನೋಡಿ ದೊಡ್ಡಪ್ಪ, ಬರೀ ಬೆಂಗಳೂರಿನ ಬೆಳಕು. ಅದನ್ನ ತಡೆಯೋಕೇ ಫಿಲ್ಟರ್.

ಅತ್ತೆ: ಫಾಸ್ಟ್ ಅಂದ್ರೆ ಬೇಗ ತಿರುಗುತ್ತಾ?

ತಮ್ಮ: ಇಲ್ಲ ಅತ್ತೆ, ಕಡಿಮೆ ಹೊತ್ತಲ್ಲಿ ಫೋಟೊ ಬರುತ್ತೆ ಅಂತ. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಫಾಸ್ಟ್. ಎಫ್/2 ಆದ್ರೆ ಅಂಚಿನ ಬೆಳಕು ಸುಮಾರು 14 ಡಿಗ್ರಿ ಓರೆಯಾಗಿ ಫಿಲ್ಟರಿಗೆ ಬೀಳುತ್ತೆ. ಆಗ ಅದು ಬಿಡೋ ಬಣ್ಣ ನೀಲಿ ಕಡೆ ಸರಿಯುತ್ತೆ. ನಮಗೆ ಬೇಕಾದ ಹೈಡ್ರೋಜನ್ನಿನ ಕೆಂಪು ಇರೋದು 656.3 ನ್ಯಾನೊಮೀಟರಲ್ಲಿ, ಅದು ಬೆಳಕಿನ ಅಲೆಯ ಉದ್ದದ ಅಳತೆ. ಬರೀ 3 ನ್ಯಾನೊಮೀಟರ್ ಅಗಲದ ಪಟ್ಟಿ ಬಿಡೋ ಫಿಲ್ಟರ್ ಹಾಕಿದ್ರೆ ಅಂಚಿನಿಂದ ಬರೋ ಆ ಕೆಂಪು ಆಚೆಯೇ ಉಳಿಯುತ್ತೆ. ಅದಕ್ಕೇ ಎಫ್/2ಗೆ ಅಂತಲೇ ಬೇರೆ ಫಿಲ್ಟರ್ ಮಾಡ್ತಾರೆ. ನನ್ನ ಟೆಲಿಸ್ಕೋಪ್ ಎಫ್/5, ಫಿಲ್ಟರ್ 7 ನ್ಯಾನೊಮೀಟರಿಂದು. ಬಣ್ಣ ಸರಿದರೂ ಸುಮಾರು ಒಂದು ನ್ಯಾನೊಮೀಟರ್ ಅಷ್ಟೇ, ಕೆಂಪು ಒಳಗೇ ಬರುತ್ತೆ.

ಇಡೀ ರಾತ್ರಿಯಲ್ಲಿ ಕೆಲಸಕ್ಕೆ ಬಂದ ಮಾತು ಇದೊಂದೇ. ಅತ್ತಿಗೆ ಹೆಬ್ಬೆರಳು ಒತ್ತಿದರು. ಓದಿರಲಿಕ್ಕಿಲ್ಲ.

ಮಾವನ ಮಗ: ಟೆಲಿಸ್ಕೋಪ್ ಅಂದ್ರೆ ಗೌರಿಬಿದನೂರು ನೆನಪಾಗುತ್ತೆ. ಸ್ಕೂಲಿಂದ ಕರ್ಕೊಂಡು ಹೋಗಿದ್ರು. ದೊಡ್ಡ ದುರ್ಬೀನು ಇರುತ್ತೆ ಅಂತ ಹೋದ್ರೆ ಬಯಲು ತುಂಬ ಕಂಬ, ತಂತಿ! ಅಲ್ಲೇ ಕೂತು ಪುಳಿಯೋಗರೆ ತಿಂದ್ವಿ.

ಭಾವ: ಅದು ರೇಡಿಯೊ ಟೆಲಿಸ್ಕೋಪ್. ಇದಕ್ಕೂ ಅದಕ್ಕೂ ಏನು ಸಂಬಂಧ?

ಅಕ್ಕ: ಪುಳಿಯೋಗರೆ ಅಲ್ಲ, ಚಿತ್ರಾನ್ನ. ಅದೂ ನನ್ನ ಡಬ್ಬೀದು. ನೀನು ಯಾವತ್ತು ಡಬ್ಬಿ ತಂದಿದ್ದೆ?

ಇದರ ಮೇಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಚಿಕ್ಕಪ್ಪ ಒಳಗಿದ್ದದ್ದನ್ನು ಹೊರಗೆ ಹಾಕಿದರು.

ಚಿಕ್ಕಪ್ಪ: ನಕ್ಷತ್ರದ ಫೋಟೊ ಇರಲಿ. ನನ್ನ ಮಗಳ ಮದುವೇಲಿ ತೆಗೆದ ಫೋಟೊ ಎಲ್ಲಪ್ಪಾ? ಮೊಮ್ಮಗನ ನಾಮಕರಣವೇ ಆಗೋಯ್ತು.

ತಮ್ಮ: ಹಾರ್ಡ್ ಡಿಸ್ಕಲ್ಲಿದೆ ಚಿಕ್ಕಪ್ಪ.

ದೊಡ್ಡಮ್ಮ: ಧಾರೆ ಹೊತ್ತಿಗೆ ನನ್ನದೊಂದೂ ತೆಗೀಲಿಲ್ಲ ಇವನು.

ಚಿಕ್ಕಪ್ಪ: ಭಾನುವಾರ ಪೆನ್ ಡ್ರೈವ್ ಹಿಡ್ಕೊಂಡು ಬರ್ತೀನಿ. ಮನೇಲಿರು.