ಗುಡ್ಡೆಗೆ ಬೆಂಕಿ ಬಿದ್ರೆ ಮನೆ ಬಿಟ್ಟು ಯಾವಾಗ ಹೊರಡ್ಬೇಕು?

ಗುಡ್ಡೆಬುಡ_ದೇಲಂಪಾಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ದೇಲಂಪಾಡಿ ಕಡೆ, ಕರ್ನಾಟಕದ ಗಡಿ ಹತ್ರ, ಗುಡ್ಡೆಯ ಬುಡದಲ್ಲಿ ಹಂಚಿನ ಮನೆ. ಎದುರು ಅಡಿಕೆ ತೋಟ, ಹಿಂದೆ ದನದ ಹಟ್ಟಿ, ಹಟ್ಟಿಗೆ ತಾಗಿಯೇ ನಾಲ್ಕು ಗೇರು ಮರ, ಅದರಿಂದ ಮೇಲೆ ಪೂರ್ತಿ ಮುಳಿಹುಲ್ಲು. ಫೆಬ್ರವರಿ ಬಂತು ಅಂದ್ರೆ ಹುಲ್ಲು ಒಣಗಿ ನಿಲ್ತದೆ, ಯಾರೋ ಬೀಡಿ ಬಿಸಾಡಿಯೋ ಕಸ ಸುಟ್ಟೋ ಎಲ್ಲಿಂದಾದ್ರೂ ಬೆಂಕಿ ಬಂದೇ ಬರ್ತದೆ. ಕಳೆದ ಬೇಸಿಗೆಯಲ್ಲಿ ಹಟ್ಟಿಯ ಹಿಂದಿನವರೆಗೂ ಬಂದಿತ್ತು, ನೆರೆಕರೆಯವರು ಓಡಿ ಬಂದು ಹಸಿ ಗೆಲ್ಲಿನಲ್ಲಿ ಬಡಿದು ಬಡಿದು ನಂದಿಸಿದ್ರು.

ಮನೆಯಲ್ಲಿ ಅಮ್ಮ ಇದ್ದಾರೆ, ದಮ್ಮು ಉಂಟು, ಊರುಗೋಲು ಇಲ್ಲದೆ ನಡೀಲಿಕ್ಕೆ ಆಗುದಿಲ್ಲ. ಮತ್ತೆ ಹೆಂಡತಿ, ಸಣ್ಣ ಮಗಳು, ಮೂರು ದನ. ನಾನು ಹಗಲು ಕಾಸರಗೋಡಿಗೆ ಕೆಲಸಕ್ಕೆ ಹೋಗುವವ. ಕೇಳುದು ಎಂತ ಅಂದ್ರೆ, ಬೆಂಕಿ ಬರುವಾಗ ಮನೆಯಲ್ಲೇ ನಿಂತು ನೀರು ಹಾಕುದು ಒಳ್ಳೇದಾ, ಬಿಟ್ಟು ಹೋಗುದಾ? ಹೋಗುದಾದ್ರೆ ಎಷ್ಟು ಹತ್ರ ಬಂದಾಗ? ಅಮ್ಮ ಅಂತೂ ಮನೆ ಬಿಟ್ಟು ನಾನು ಎಲ್ಲಿಗೂ ಬರುದಿಲ್ಲ ಅಂತಾರೆ. ಗೊತ್ತಿದ್ದವರು ಹೇಳಿ.

ಪಯಸ್ವಿನಿ_ಮುಳ್ಳೇರಿಯ

ಅಣ್ಣ, ನಾನು ಸಿವಿಲ್ ಡಿಫೆನ್ಸ್ ವಾಲಂಟಿಯರ್, ಬೇಸಿಗೆಯಲ್ಲಿ ಇಂಥ ಗುಡ್ಡೆ ಬೆಂಕಿಗೆ ಹೋಗ್ತಾ ಇರ್ತೇನೆ. "ಎಷ್ಟು ಹತ್ರ ಬಂದಾಗ" ಅಂತ ಕೇಳಿದ್ರಲ್ಲ, ಅಮ್ಮ ಮತ್ತು ಮಗುವಿನ ವಿಷಯದಲ್ಲಿ ಬೆಂಕಿ ಹತ್ರ ಬರ್ಲಿಕ್ಕೇ ಕಾಯ್ಬಾರ್ದು. ಗುಡ್ಡೆಯಲ್ಲಿ ಹೊಗೆ ಎದ್ದದ್ದು ಕಂಡ ಕೂಡ್ಲೇ ಅವರು ಹೊರಡ್ಬೇಕು. ದಮ್ಮಿದ್ದವರಿಗೆ ಬೆಂಕಿಗಿಂತ ಮೊದಲು ಹೊಗೆಯೇ ಕಷ್ಟ ಕೊಡುದು, ಮತ್ತೆ ಹೊಗೆ ದಟ್ಟ ಆದ ಮೇಲೆ ಊರುಗೋಲು ಹಿಡಿದವರನ್ನು ಆಟೋ ವರೆಗೆ ನಡೆಸುದು ಅಂದ್ರೆ ಸುಲಭದ ಕೆಲಸ ಅಲ್ಲ.

ಗುಡ್ಡೆ ಮನೆಯ ಪಡುವಣಕ್ಕಾ ಮೂಡಣಕ್ಕಾ ಅಂತ ನೀವು ಬರೀಲಿಲ್ಲ. ಬೆಂಕಿ ಏರಿನಲ್ಲಿ ಜೋರು ಓಡ್ತದೆ, ಇಳಿಜಾರು 10 ಡಿಗ್ರಿ ಹೆಚ್ಚಾದ ಹಾಗೆ ಅದರ ಸ್ಪೀಡ್ ಹತ್ರ ಹತ್ರ ಡಬಲ್ ಆಗ್ತದೆ. ಹಾಗಾಗಿ ಬುಡದಲ್ಲಿರುವ ಮನೆಗೆ ಸ್ವಲ್ಪ ಟೈಮ್ ಸಿಗ್ತದೆ ಅಂತ ಜನ ಲೆಕ್ಕ ಹಾಕ್ತಾರೆ. ಆದ್ರೆ ಗುಡ್ಡೆ ಪಡುವಣಕ್ಕೆ ಇದ್ರೆ ಮಧ್ಯಾಹ್ನ ಮೇಲೆ ಕಡಲ ಗಾಳಿ ಬೆಂಕಿಯನ್ನು ನಿಮ್ಮ ಕಡೆಗೇ ತಳ್ತದೆ, ಬೆಳಿಗ್ಗೆ ಮೆಲ್ಲ ಇದ್ದದ್ದು ಎರಡು ಗಂಟೆಗೆ ಬೇರೆಯೇ ಆಗಿರ್ತದೆ. ಮತ್ತೆ ಯಾರೂ ಯಾವ ಕಾರಣಕ್ಕೂ ತಪ್ಪಿಸ್ಕೊಳ್ಳಿಕ್ಕೆ ಅಂತ ಗುಡ್ಡೆ ಹತ್ಬಾರ್ದು.

ಮನೆ ಸುಡುದು ಹೆಚ್ಚಾಗಿ ಜ್ವಾಲೆ ತಾಗಿ ಅಲ್ಲ, ಕಿಡಿ ಹಾರಿ ಬಂದು. ಹಂಚಿನ ಸಂದಿಯಲ್ಲಿ ಕಿಡಿ ಹೊಕ್ಕಿ ಅಟ್ಟದಲ್ಲಿ ಗೋಣಿ, ಹಳೇ ಬುಟ್ಟಿ, ಒಣ ಸೋಗೆ ಇದ್ದದ್ದು ಹಿಡಿದ್ರೆ ಹೊರಗಿನವರಿಗೆ ಗೊತ್ತಾಗುವಾಗ ಮಾಡೇ (ಛಾವಣಿಯೇ) ಹೊತ್ತಿರ್ತದೆ. ಮಾಡಿನ ನೀರು ಹೋಗುವ ದಂಬೆಯಲ್ಲಿ ತರಗೆಲೆ ಇರ್ಬಾರ್ದು. ಬೈಹುಲ್ಲಿನ ರಾಶಿ, ಸೌದೆ, ರಬ್ಬರ್ ಶೀಟ್ ಇದ್ರೆ ಅದೂ ಗೋಡೆಗೆ ತಾಗಿ ಬೇಡವೇ ಬೇಡ. ಮನೆ ಹಟ್ಟಿ ಎರಡರ ಸುತ್ತ 10 ಮೀಟರ್ ಪೂರ್ತಿ ಚೊಕ್ಕ ಇರ್ಬೇಕು, ಅದರಾಚೆ 30 ಮೀಟರ್ ವರೆಗೆ ಹುಲ್ಲು ಸವರಿ ತರಗೆಲೆ ಒಟ್ಟು ಮಾಡಿ ತೋಟಕ್ಕೆ ಹಾಕಿ. ಗೇರು ಮರ ಕಡೀಬೇಕು ಅಂತಿಲ್ಲ, ನೆಲಕ್ಕೆ ಬಗ್ಗಿದ ಗೆಲ್ಲು ಮತ್ತೆ ಹಟ್ಟಿ ಮಾಡಿನ ಮೇಲೆ ಬಂದ ಗೆಲ್ಲು ಕಡಿದ್ರೆ ಸಾಕು.

ನೀರಿನ ವಿಷಯ. ಬೆಂಕಿ ಲೈನಿನ ಅಡಿಗೆ ಬಂದ್ರೆ ಕರೆಂಟ್ ತೆಗೀತಾರೆ, ಆಗ ಬಾವಿ ಪಂಪು ನಿಂತಿತು. ನಿಮ್ಮಲ್ಲಿ ಅಡಿಕೆಗೆ ಮದ್ದು ಬಿಡುವ ಪೆಟ್ರೋಲ್ ಪಂಪು ಇರ್ಬೇಕಲ್ಲ? ಬೇಸಿಗೆಯಲ್ಲಿ ಅದು ಸುಮ್ಮನೆ ಮೂಲೆಯಲ್ಲಿ ಬಿದ್ದಿರ್ತದೆ. ಮೈಲುತುತ್ತು ಸುಣ್ಣದ ಗಸಿ ಎಲ್ಲ ತೊಳೆದು, ಜನವರಿಯಲ್ಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ, ಎರಡು ಬ್ಯಾರಲ್ ನೀರು ತುಂಬಿಸಿ ಹಟ್ಟಿ ಹತ್ರ ಇಡಿ. ಮರದ ತುದಿಗೆ ಮದ್ದು ಹಾರಿಸುವ ಗನ್ನು ಮಾಡಿನ ಮೇಲೆ ಬಿದ್ದ ಕಿಡಿ ನಂದಿಸ್ಲಿಕ್ಕೆ ಧಾರಾಳ ಸಾಕು.

ಇನ್ನೊಂದು, ಗಡಿ ಹತ್ರದವರು ಇದನ್ನು ನೆನಪಿಡ್ಬೇಕು. ಮೊಬೈಲ್ ಕರ್ನಾಟಕದ ಟವರ್ ಹಿಡಿದಿದ್ರೆ 112ಕ್ಕೆ ಮಾಡಿದ ಕಾಲ್ ಆ ಕಡೆಯ ಕಂಟ್ರೋಲ್ ರೂಮಿಗೆ ಹೋಗ್ಬಹುದು. ಕಾಸರಗೋಡು, ಕುತ್ತಿಕೋಲು ಫೈರ್ ಸ್ಟೇಶನಿನ ನೇರ ನಂಬರ್ ಎಲ್ಲರ ಫೋನಲ್ಲೂ ಇರ್ಲಿ. ಮನೆಗೆ ಬರುವ ದಾರಿ ಮಲಯಾಳದಲ್ಲಿ ಬರೆದು ಫೋನ್ ಹತ್ರ ಅಂಟಿಸಿ, ಗಾಬರಿಯಲ್ಲಿ ನಿಮ್ಮ ಮನೆಯವರಿಗೆ ಓದಿ ಹೇಳಿದ್ರೆ ಸಾಕಾಗ್ತದೆ.

ತಾಳವಾಡಿ_ರೈತ

ನಮ್ದು ತಾಳವಾಡಿ, ಈರೋಡ್ ಜಿಲ್ಲೆ, ಸತ್ಯಮಂಗಲ ಹುಲಿ ಕಾಡಿನ ಪಕ್ಕದಲ್ಲೇ ಜಮೀನು. ಮೇಲೆ ಅವರು ಹೇಳಿರೋದು ಸರಿಯಾಗೈತೆ, ದನದ ವಿಚಾರ ಮಾತ್ರ ನಾನು ಹೇಳ್ತೀನಿ. ಬೆಂಕಿ ಬರೋ ಸೂಚನೆ ಇದ್ರೆ ಮುಂಚೇನೇ ಹಗ್ಗ ಬಿಚ್ಚಿ, ಉತ್ತ ಹೊಲಕ್ಕೋ ನೀರು ಹಾಯ್ಸಿರೋ ತೋಟಕ್ಕೋ ಹೊಡ್ಕೊಂಡು ಹೋಗ್ಬುಡಿ. ಟೈಮ್ ಇಲ್ಲ ಅಂದ್ರೆ ಹಗ್ಗ ಕುಯ್ದು ಬುಟ್ಬುಡಿ, ಅದ್ಕೇ ಅಂತ ಒಂದು ಕುಡುಗೋಲು ಕೊಟ್ಟಿಗೆ ಬಾಗ್ಲಲ್ಲೇ ಸಿಕ್ಕಿಸಿರಿ. ಬಿಟ್ಟ ಮೇಲೆ ಕೊಟ್ಟಿಗೆ ಬಾಗ್ಲು ಹಾಕ್ಬೇಕು, ಇಲ್ದಿದ್ರೆ ಹೆದ್ರಿದ ದನ ತಿರ್ಗಾ ಒಳಿಕ್ಕೇ ಓಡ್ತವೆ.

ನಮ್ ಕಡೆ ಲಾಂಟಾನ ಪೊದೆ ಜಾಸ್ತಿ, ಬೇಸಿಗೇಲಿ ಅದು ಹತ್ಕೊಂಡ್ರೆ ನೆಲದ ಬೆಂಕಿ ಮರಕ್ಕೆ ಏರ್ತದೆ. ಕಾಡಿಂದ ಆನೆ, ಹಂದಿ ಎಲ್ಲಾ ಹೊಗೆಗೆ ಹೆದ್ರಿ ರೋಡಿಗೆ ಬರ್ತವೆ, ರಾತ್ರಿ ಬೈಕಲ್ಲಿ ಹೊರಡೋರು ಅದನ್ನೂ ನೋಡ್ಕೊಬೇಕು. 2018ರ ಮಾರ್ಚಲ್ಲಿ ತೇನಿ ಜಿಲ್ಲೆ ಕುರಂಗಣಿ ಬೆಟ್ಟದಲ್ಲಿ ಟ್ರೆಕಿಂಗ್ ಹೋದೋರು ಹುಲ್ಲಿನ ಇಳಿಜಾರಲ್ಲಿ ಬೆಂಕಿಗೆ ಸಿಕ್ಕಾಕೊಂಡು 23 ಜನ ಹೋದ್ರು. ಹುಲ್ಲಿನ ಬೆಂಕಿ ತಾನೆ ಅಂತ ಯಾರೂ ಸದರ ಮಾಡ್ಬಾರ್ದು ಸಾರ್, ಅದು ಓಡೋ ವೇಗ ಕಣ್ಣಲ್ಲಿ ನೋಡಿದೋರ್ಗೇ ಗೊತ್ತು.

ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ವೆಬ್‌ಸೈಟಲ್ಲಿ ನಂಬರ್ ರಿಜಿಸ್ಟರ್ ಮಾಡಿದ್ರೆ ಸ್ಯಾಟಲೈಟ್ ನೋಡಿದ ಬೆಂಕಿಗೆ ಮೆಸೇಜ್ ಬರ್ತದೆ. ಮಾಡ್ಕೊಳಿ, ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ಸ್ಯಾಟಲೈಟ್ ಹಾದು ಹೋದಾಗ ಮಾತ್ರ ಅದಕ್ಕೆ ಕಾಣೋದು.

ಕುಂಬಳೆ_ಅಕ್ಕ

ನನ್ನ ತಮ್ಮ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹಳ್ಳಿ ಕಡೆ ಇದ್ದಾನೆ, ಅವನಿಂದ ಕೇಳಿ ತಿಳ್ಕೊಂಡದ್ದು ಬರೀತೇನೆ. ಅಲ್ಲಿ ಮೊದಲು "ಒಂದೋ ನಿಂತು ಮನೆ ಕಾಪಾಡಿ, ಇಲ್ಲಾ ಬೇಗ ಹೊರಡಿ" ಅಂತ ಹೇಳ್ತಾ ಇದ್ರು. 2009 ಫೆಬ್ರವರಿ 7ರ ಬೆಂಕಿಯಲ್ಲಿ 173 ಜನ ತೀರಿಕೊಂಡ್ರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಯೊಳಗೇ. ಅದರ ನಂತರ ಬೇಗ ಹೊರಡುದೇ ಎಲ್ಲಕ್ಕಿಂತ ಕ್ಷೇಮ ಅಂತ ಒತ್ತಿ ಹೇಳ್ಲಿಕ್ಕೆ ಶುರು ಮಾಡಿದ್ರು. ಈಗ ಬೆಂಕಿಯ ಅಪಾಯ ಎಷ್ಟು ಅಂತ ದಿನಕ್ಕೊಂದು ರೇಟಿಂಗ್ ಕೊಡ್ತಾರೆ, ಅತಿ ಕೆಟ್ಟ ದಿನಗಳಲ್ಲಿ ಬೆಂಕಿ ಎಲ್ಲೂ ಕಾಣದಿದ್ರೂ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಊರು ಬಿಡಿ ಅಂತಾರೆ.

ನಮ್ಮಲ್ಲಿ ಹಾಗೆ ಊರು ಬಿಡಿ ಅಂತ ಮೊದಲೇ ಹೇಳ್ತಾರೆ ಅಂತ ನಂಬ್ಲಿಕ್ಕಾಗುದಿಲ್ಲ, ಹಾಗಾಗಿ ಮನೆಯಲ್ಲೇ ಕೂತು ಮಾತಾಡಿ ಇಟ್ಕೊಳ್ಬೇಕು. ನಿಮ್ಮ ಹೆಂಡತಿ ನಿಮ್ಮ ಫೋನಿಗೆ ಕಾಯ್ಬಾರ್ದು ತಮ್ಮ, ಇದು ಮುಖ್ಯ. ಯಾವ ಗುರುತು ಕಂಡ್ರೆ ಹೊರಡುದು, ಯಾವ ಆಟೋದವರಿಗೆ ಹೇಳುದು, ಅವರು ಸಿಗದಿದ್ರೆ ಯಾರು, ಯಾರ ಮನೆಗೆ ಹೋಗುದು, ಎಲ್ಲ ಈಗಲೇ ನಿಶ್ಚಯ ಆಗಿರ್ಲಿ. ನೀವು ಆಫೀಸಲ್ಲಿ ಮೀಟಿಂಗಲ್ಲಿದ್ದು ಫೋನ್ ತೆಗೀದಿದ್ರೆ ಅವರು ಅಂಗಳದಲ್ಲಿ ನಿಂತು ಕಾಯುವ ಹಾಗೆ ಆಗ್ಬಾರ್ದು.

ಬಟ್ಟೆ ಹತ್ತಿಯದ್ದೇ ಹಾಕ್ಬೇಕು, ಉದ್ದ ಕೈ, ಕಾಲು ಮುಚ್ಚುವಂಥದ್ದು. ನೈಲಾನ್ ನೈಟಿ, ಪಾಲಿಸ್ಟರ್ ಸೀರೆ ಶಾಖಕ್ಕೆ ಕರಗಿ ಮೈಗೆ ಅಂಟ್ತದೆ. ಅಮ್ಮನಿಗೆ "ಮನೆ ಬಿಡಿ" ಅಂತ ಹೇಳ್ಬೇಡಿ, ಯಾರಿಗಾದ್ರೂ ಬೇಜಾರಾಗ್ತದೆ. ಮಾರ್ಚಲ್ಲಿ ಗಾಳಿ ಜೋರಿರುವ ದಿನ ಮಗಳ ಮನೆಗೋ ತಂಗಿ ಮನೆಗೋ ಎರಡು ದಿನ ಉಳೀಲಿಕ್ಕೆ ಕರ್ಕೊಂಡು ಹೋಗಿ.

ಗುಡ್ಡೆಬುಡ_ದೇಲಂಪಾಡಿ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಗುಡ್ಡೆ ಪಡುವಣಕ್ಕೇ ಉಂಟು. ಚಿಕ್ಕಮ್ಮನ ಮನೆ ಆದೂರಲ್ಲಿ, ಅಲ್ಲಿಗಾದ್ರೆ ಅಮ್ಮ ಖುಷಿಯಿಂದ ಬರ್ತಾರೆ. ಹೊಗೆಗೆ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿದ್ರೆ ಸಾಕಾಗ್ತದಾ? ಮತ್ತೆ ಮೇಲೆ ಬೆಂಕಿ ದಾಟದ ಹಾಗೆ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುದು ಯಾವಾಗ?

ಪಯಸ್ವಿನಿ_ಮುಳ್ಳೇರಿಯ

ಒದ್ದೆ ಬಟ್ಟೆ ಬೂದಿ ತಡೀತದೆ ಅಷ್ಟೇ, ಸಣ್ಣ ಕಣ ಒಳಗೆ ಹೋಗಿಯೇ ಹೋಗ್ತದೆ. ಅಮ್ಮನಿಗೆ ಎನ್95 ಮಾಸ್ಕ್ ತನ್ನಿ, ಇನ್ಹೇಲರ್, ಮದ್ದಿನ ಚೀಟಿ, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹತ್ರ ಇರ್ಲಿ. ಬೆಂಕಿ ರೇಖೆ ಹುಲ್ಲು ಪೂರ್ತಿ ಒಣಗುವ ಮೊದಲು, ಡಿಸೆಂಬರಲ್ಲೇ ಕತ್ತಿಯಲ್ಲಿ ಸವರಿ ಮಣ್ಣು ಕಾಣುವ ಹಾಗೆ ಗುಡಿಸಿ ತೆಗೀರಿ. ಸುಟ್ಟು ತೆಗೀಲಿಕ್ಕೆ ಮಾತ್ರ ಹೋಗ್ಬೇಡಿ. ಮೇಲಿನ ಜಾಗ ಅರಣ್ಯದ್ದಾದ್ರೆ ಇಲಾಖೆಯವರನ್ನು ಮೊದಲೇ ಕೇಳಿ. ನೆರೆಕರೆಯ ನಾಲ್ಕು ಮನೆ ಸೇರಿದ್ರೆ ಒಂದು ದಿನದ ಕೆಲಸ, ದಿನ ಹೇಳಿದ್ರೆ ನಾನೂ ಇಬ್ಬರನ್ನು ಕರ್ಕೊಂಡು ಬರ್ತೇನೆ. ಪಂಪಿನ ಪೈಪು ಹಟ್ಟಿಯ ಹಿಂದಿನವರೆಗೆ ಎಟಕ್ತದಾ ನೋಡಿ ಹೇಳಿ ಅಣ್ಣ, ಎಟಕದಿದ್ರೆ ನನ್ನ ಹತ್ರ ಒಂದು ರೋಲ್ ಉಂಟು, ಮಳೆಗಾಲದ ವರೆಗೆ ನಿಮ್ಮಲ್ಲೇ ಇರ್ಲಿ.